ಇಂಗ್ಲಿಷ್ ಕ್ಲಾಸಲ್ಲಿ ಪೆರನಾಕನ್ ಕೈಕೆಲಸ: ಮಣಿಯೋ, ಒಂಡೆ-ಒಂಡೆಯೋ?

ಪ್ರಶ್ನೆ: ಸಿಂಗಪುರ, ಸೆಕೆಂಡರಿ 1, 38 ಮಕ್ಕಳು, ಎರಡು ಪೀರಿಯಡ್. ಪೆರನಾಕನ್ (ಇಲ್ಲಿಗೆ ಬಂದು ಮಲಯರೊಡನೆ ಬೆರೆತ ವಲಸಿಗರ ವಂಶದವರು) ಸಮುದಾಯದ ಕೆಲಸ ಒಂದನ್ನು ಮಾಡಿಸಿ, ಅದರ ವಿಧಾನವನ್ನು ಇಂಗ್ಲಿಷಲ್ಲಿ ಬರೆಸಬೇಕು. ಕಸುತ್ ಮಾನೆಕ್ (ಮಣಿ ಚಪ್ಪಲಿ) ಕಸೂತಿಯೋ, ಒಂಡೆ-ಒಂಡೆಯೋ (ಬೆಲ್ಲ ತುಂಬಿ ಬೇಯಿಸೋ ಅಂಟಕ್ಕಿ ಉಂಡೆ)? ಮಾಡಿಸಿದವರು ಹೇಳಿ.

ಮಣಿಸೂಜಿ: ಮಣಿ, ಎರಡು ಮಾತಿಲ್ಲ. ಆದ್ರೆ 15/0 ಚಾರ್ಲಟ್ (ಒಂದು ಮಗ್ಗುಲು ಕೆತ್ತಿದ ಪುಟ್ಟ ಮಣಿ) ತರಿಸಿ ಕೈ ಸುಟ್ಕೋಬೇಡಿ, ಬೆರಳಿಗೇ ಸಿಗಲ್ಲ. ಅದಕ್ಕಿಂತ ದೊಡ್ಡ 11/0 ಮಣಿ, 14 ಕೌಂಟ್ (ಇಂಚಿಗೆ 14 ಚೌಕ) ಐಡಾ ಕಸೂತಿ ಬಟ್ಟೆ ಸಾಕು. 12×12 ಹೂವಿಗೆ 144 ಮಣಿ, ಒಂದೂವರೆ ಗ್ರಾಮಿಗಿಂತ ಕಮ್ಮಿ. ತಲಾ 2 ಗ್ರಾಂ ತನ್ನಿ, ಮಿಕ್ಕಿದ್ದು ನೆಲದ ಪಾಲು. ದುಡ್ಡು ನಿಜವಾಗಿ ಹೋಗೋದು ಸೂಜಿಗೆ. ತೆಳು ಸೂಜಿ ಬಾಗಿ ಮುರಿಯುತ್ತೆ, ಅದಕ್ಕೇ ಜೋಡಿ ಜೋಡಿ ಇಟ್ಕೊಳ್ಳಿ. ಎಲ್ಲಾ ಹೊಲಿಗೆ ಒಂದೇ ದಿಕ್ಕಿಗೆ ಓರೆ ಇರ್ಬೇಕು. ಒಂದು ಸಾಲು ತಿರುಗಿದ್ರೂ ಮಣಿ ಎದುರುಬದುರು ವಾಲಿ ದಳದ ಅಂಚು ಗರಗಸದ ಹಲ್ಲಾಗುತ್ತೆ. ಒಬ್ಬ ಬರೆದ ಸೂಚನೆ ನೋಡಿ ಪಕ್ಕದವನು ಹೊಲಿಯಲಿ. ದಿಕ್ಕು ಬರೆಯೋದು ಬಿಟ್ಟಿದ್ರೆ ಬಟ್ಟೆನೇ ಹೇಳುತ್ತೆ.

ಗುಲಾ ಮೆಲಾಕ: 144 ಮಣಿ ಎರಡು ಪೀರಿಯಡಲ್ಲಾ? ಅರ್ಧ ಹೂವು ಮನೆಗೆ ಹೋಗುತ್ತೆ, ವಾಪಸ್ ಬರಲ್ಲ! ಒಂಡೆ-ಒಂಡೆಗೆ 500 ಗ್ರಾಂ ಅಂಟಕ್ಕಿ ಹಿಟ್ಟು, ಸೋಸಿದ ಪಂಡನ್ (ಘಮಘಮಿಸೋ ಎಲೆ) ರಸ ಸುಮಾರು 400 ಎಂಎಲ್. 12 ಗ್ರಾಮಿಗಿಂತ ಚೂರು ಕಮ್ಮಿ ತೂಕದ ಉಂಡೆ 76, ತಲಾ ಎರಡು. ಒಳಗೆ 4 ಗ್ರಾಂ ಗುಲಾ ಮೆಲಾಕ (ತೆಂಗಿನ ಬೆಲ್ಲ), ತುರಿದದ್ದು. ತುಂಡು ಹಾಕಿದ್ರೆ ಹಿಟ್ಟು ಬೆಂದರೂ ಬೆಲ್ಲ ಕರಗಲ್ಲ. ಕಲಸಿದ ಹಿಟ್ಟಿಂದ ಚೂರು ತೆಗೆದು ಕುದಿಸಿ, ವಾಪಸ್ ಉಳಿದ ಹಿಟ್ಟಿಗೆ ಸೇರಿಸಿ ನಾದಿ, ಇಲ್ಲದಿದ್ರೆ ಬಿರುಕಲ್ಲಿ ಪಾಕ ಸೋರಿ ನೀರೆಲ್ಲ ಕಂದು. ತೇಲಿದ ಮೇಲೂ ಒಂದು ನಿಮಿಷ ಬೇಯಿಸಿ. ಮೇಲೆ ಹೊರಳಿಸೋ ಕಾಯಿತುರಿಗೆ ಉಪ್ಪು ಹಾಕಿ ಹಬೆ ತೋರಿಸಿ, ಈ ಸೆಖೆಗೆ ಹಸಿ ತುರಿ ಹಳಸುತ್ತೆ. ಬಿಸಿಯಲ್ಲಿ ಕಚ್ಚಿದ್ರೆ ನಾಲಿಗೆ ಸುಡುತ್ತೆ, ಹತ್ತು ನಿಮಿಷ ಯಾರೂ ಮುಟ್ಟಬಾರದು. ಆ ಹತ್ತು ನಿಮಿಷದಲ್ಲೇ ಬರೆಸಿ.

ಮಣಿಸೂಜಿ: ಅಂದ್ರೆ ಬರವಣಿಗೆಗೆ ಹತ್ತೇ ನಿಮಿಷ! ಇದು ಇಂಗ್ಲಿಷ್ ಕ್ಲಾಸೋ, ಕ್ಯಾಂಟೀನೋ?

ನಾಲ್ಕುಸಾಲು: ಇಬ್ಬರೂ ಭಾಷೆ ಮರೆತಿದ್ದೀರಿ. ಪಂತುನ್ (ಮಲಯ ಪದ್ಯ) ಬರೆಸಿ, ಖರ್ಚು ಸೊನ್ನೆ. ನಾಲ್ಕು ಸಾಲು, ಪ್ರಾಸ ಅಬಅಬ (ಒಂದಕ್ಕೆ ಮೂರು, ಎರಡಕ್ಕೆ ನಾಲ್ಕು). ಮೊದಲೆರಡು ಸಾಲು ಪೆಂಬಾಯಾಂಗ್, ಬರೀ ಚಿತ್ರ, ಹೇಳಬೇಕಾದ್ದು ಕೊನೆಯೆರಡರಲ್ಲಿ. ಮಕ್ಕಳು ಮೊದಲ ಸಾಲಲ್ಲೇ ನೀತಿ ಹೇಳಿಬಿಡ್ತಾರೆ. ಅದಕ್ಕೇ ಕೊನೆಯೆರಡು ಸಾಲು ಮೊದಲು ಬರೆಸಿ, ಚಿತ್ರ ಆಮೇಲೆ. ಚಿತ್ರಕ್ಕೆ ಕೂನ್ ಸೆಂಗ್ ರೋಡಿನ ಪೆರನಾಕನ್ ಮನೆಗಳ ಟೈಲ್ಸ್ ತೋರಿಸಿ.

ಗುಲಾ ಮೆಲಾಕ: ಪ್ರಶ್ನೆ ಓದಿದ್ರಾ? ಕೈಕೆಲಸ ಕೇಳಿದ್ದಾರೆ. ಪಂತುನ್ ಮಲಯದ್ದು, ಬಾಬಾಗಳದ್ದಲ್ಲ, ಅಂದ್ರೆ ಚೀನೀ ಪೆರನಾಕನ್ನರದ್ದಲ್ಲ.

ನಾಲ್ಕುಸಾಲು: ಬಾಬಾಗಳ ಮನೆಮಾತೇ ಮಲಯ ಬೆರೆತದ್ದು, ಪಂತುನ್ ಹೇಳ್ತಿದ್ರು. ಪೆರನಾಕನ್ ಅಂದ್ರೆ ಚೀನೀಯರು ಮಾತ್ರ ಅಂತ ಯಾರು ಹೇಳಿದ್ದು? ಮಲಕ್ಕಾದ ಚಿಟ್ಟಿಗಳು ಹಿಂದೂ ಪೆರನಾಕನ್ನರು, ಅವರ ಹೆಂಗಸರೂ ಕೆಬಾಯ (ಮಲಯ ರವಿಕೆ) ಉಡ್ತಾರೆ.

ಮಣಿಸೂಜಿ: ಚಿಟ್ಟಿ ಎಲ್ಲಿ, ಪ್ರಶ್ನೆ ಎಲ್ಲಿ. ಮೇಡಂ, ಆರ್ಮೇನಿಯನ್ ಸ್ಟ್ರೀಟಿನ ಪೆರನಾಕನ್ ಮ್ಯೂಸಿಯಮಿಗೆ ಮೊದಲು ಕರ್ಕೊಂಡು ಹೋಗಿ, ಹಳೇ ಮಣಿಕೆಲಸ ನೋಡಿದ್ಮೇಲೆ ಒಂಡೆ ಕೇಳೋರೇ ಇರಲ್ಲ.

ಗುಲಾ ಮೆಲಾಕ: ವಾಪಸ್ ಬರೋ ಬಸ್ಸಲ್ಲಿ ಕೇಳ್ತಾರೆ. ಹಸಿವಾಗಿರುತ್ತಲ್ಲ.