ಹೊಸಕೋಟೆ ಕೆರೆಯ ಸಣ್ಣ ರೀವ ಯಾವುದು? ಅನುಭವ ಇದ್ದವರು ಹೇಳಿ

ಕೆರೆಏರಿ: ಹೋದ ಭಾನುವಾರ ಹೊಸಕೋಟೆ ಕೆರೆಯಲ್ಲಿ ಇಪ್ಪತ್ತು ಸಣ್ಣ ರೀವ (ಇಂಗ್ಲಿಷಿನ ಟರ್ನ್, ನೀರಿನ ಮೇಲೆ ಹಾರಾಡುವ ಹಕ್ಕಿ) ನೋಡಿದೆ. ಮೇಲೆ ಬೂದು, ಕೆಳಗೆ ಬಿಳಿ, ಕಣ್ಣ ಹಿಂದೆ ಕಪ್ಪು, ಬಾಲದ ಕವಲು ಅಷ್ಟಕ್ಕಷ್ಟೇ. ಮೀಸೆ ರೀವವೋ, ಬಿಳಿರೆಕ್ಕೆ ರೀವವೋ? ಬೈನಾಕ್ಯುಲರ್ ಕೊಳ್ಳಬೇಕು, ಬಜೆಟ್ ಹತ್ತು ಸಾವಿರ.

ಬೆಳಗಿನಐದುಗಂಟೆ: ನಾನು ಇದೇ ಹಕ್ಕಿಯ ಹಿಂದೆ ಮೂರು ಚಳಿಗಾಲ ಕಳೆದವನು. 2019ರಲ್ಲಿ ಈಬರ್ಡ್‌ಗೆ (ನೋಡಿದ ಹಕ್ಕಿಗಳನ್ನು ದಾಖಲಿಸುವ ಜಾಲತಾಣ) 'ಬಿಳಿರೆಕ್ಕೆ, 14' ಅಂತ ಹಾಕಿದೆ. ಪರಿಶೀಲಿಸುವವರು ಫೋಟೋ ಕೇಳಿದರು, ಇರಲಿಲ್ಲ. ಆ ಅವಮಾನಕ್ಕೆ ಸೆಕೆಂಡ್ ಹ್ಯಾಂಡ್ ಲೆನ್ಸ್ ತಗೊಂಡೆ, 61,500. ಮಳೆಗಾಲದಲ್ಲಿ ಒಳಗೆ ಫಂಗಸ್ ಕೂತಿತು, ಕ್ಲೀನಿಂಗಿಗೆ 4,200. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ಲು, 900. ಪೆಟ್ರೋಲ್ ಲೆಕ್ಕವೂ ಬರೆದಿಟ್ಟಿದ್ದೇನೆ, ಆದರೆ ಹೆಂಡತಿ ಈ ಗುಂಪಿನಲ್ಲಿದ್ದಾಳೆ, ಹಾಕಲ್ಲ. ಕೊನೆಗೆ ಒಂದು ಹಕ್ಕಿ ತಿರುಗುವಾಗ ಬಾಲ ಬಿಚ್ಚಿತು. ಬಾಲದ ಬುಡ ಬೆನ್ನಿನಷ್ಟೇ ಬೂದು. ಮೀಸೆ ರೀವ! ಬಿಳಿರೆಕ್ಕೆಯದಾದರೆ ಅಲ್ಲಿ ಬೆಳ್ಳಗಿರುತ್ತದೆ, ಕೊಕ್ಕು ಇನ್ನೂ ಸಣ್ಣದು, ಕಣ್ಣ ಹಿಂದಿನ ಕಪ್ಪು ಹೆಡ್‌ಫೋನ್ ಹಾಕಿದ ಹಾಗೆ ಕೆಳಕ್ಕೆ ಇಳಿದಿರುತ್ತದೆ. ಆಮೇಲೆ ಆ 14ನ್ನೂ ತಿದ್ದಿದೆ.

ಗದಗಿನವ: 2019ರ ಹಕ್ಕಿಗಳನ್ನು ಮೂರು ವರ್ಷದ ಮೇಲೆ ತೆಗೆದ ಒಂದು ಫೋಟೋ ನೋಡಿ ತಿದ್ದಿದಿರಾ? ಸುಮ್ನೆ 'ಯಾವುದೋ ರೀವ' ಅಂತ ಬಿಡಬೇಕಿತ್ತು. ಕ್ಯಾಮೆರಾದವರ ಕಾಯಿಲೆ ಇದು. ನನ್ನದು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ) ಬೈನಾಕ್ಯುಲರ್, 7,200ಕ್ಕೆ ತಗೊಂಡಿದ್ದು. ಮಾಗಡಿ ಕೆರೆಯ ಕೆಸರಲ್ಲಿ ಜಾರಿ ಬಿದ್ದೆ, ಅದೂ ಬಿತ್ತು. ರಿಪೇರಿಗೆ 1,900 ಕೊಟ್ಟು ನಲವತ್ತು ದಿನ ಕಾದೆ. ವಾಪಸ್ ಬಂದಾಗ ಎರಡು ಕಣ್ಣಿಗೆ ಎರಡು ಹಕ್ಕಿ! ಅರ್ಧ ಗಂಟೆ ನೋಡಿದರೆ ತಲೆನೋವು. ಆದರೂ ಹಾರಾಟ ನೋಡಿಯೇ ಹೇಳಬಲ್ಲೆ. ಮೀಸೆ ರೀವ ನೀರಿಗೆ ಧುಮುಕುವುದು ಕಡಿಮೆ, ಮೇಲ್ಮೈಯಿಂದ ಹುಳ, ಸಣ್ಣ ಮೀನು ಹೆಕ್ಕುತ್ತದೆ.

ಹಿನ್ನೀರು: ಬಿಳಿರೆಕ್ಕೆಯದೂ ಹಾಗೇ ಹೆಕ್ಕುತ್ತದೆ ಸ್ವಾಮಿ. ನೀವು ಹೇಳಿದ್ದರಿಂದ ಧುಮುಕಿ ಮೀನು ಹಿಡಿಯುವ ಹೊಳೆ ರೀವ ಬೇರೆ ಮಾಡಬಹುದು, ಈ ಎರಡನ್ನಲ್ಲ.

ಗದಗಿನವ: ಮೇಡಂ, ಹದಿನೈದು ವರ್ಷದಿಂದ ನೋಡ್ತಿದ್ದೇನೆ.

ಹಿನ್ನೀರು: ಅದರಲ್ಲಿ ಎಷ್ಟು ವರ್ಷ ಎರಡೆರಡು ಹಕ್ಕಿ ಕಂಡಿತ್ತು?
ನಾನು ಏಪ್ರಿಲ್‌ವರೆಗೆ ಕಾದವಳು. ಒಂದೇ ಕೆರೆಗೆ ಹನ್ನೊಂದು ಸಲ ಹೋದೆ, ಬಸ್ಸಿನಲ್ಲಿ, ಕೊನೇ ಒಂದೂವರೆ ಕಿಲೋಮೀಟರ್ ನಡೆದು. ಒಂಬತ್ತನೇ ಸಲ ನಾಯಿ ಕಚ್ಚಿತು, ಇಂಜೆಕ್ಷನ್ ಕೋರ್ಸ್ ಮುಗಿಸಿ ಮತ್ತೆ ಹೋದೆ. ಉತ್ತರಕ್ಕೆ ಹೊರಡುವ ಹೊತ್ತಿಗೆ ಅವು ಬಣ್ಣ ಬದಲಿಸುತ್ತವೆ. ಮೀಸೆ ರೀವದ್ದು ಹೊಟ್ಟೆ ಗಾಢ ಬೂದು, ತಲೆ ಕಪ್ಪು, ನಡುವೆ ಕೆನ್ನೆಯ ಮೇಲೆ ಬಿಳಿ ಪಟ್ಟಿ. ಮೀಸೆ ಅನ್ನೋದು ಅದನ್ನೇ. ಚಳಿಗಾಲದಲ್ಲಿ ಮೀಸೆ ಹುಡುಕಿದರೆ ಸಿಗೋದಿಲ್ಲ. ಬಿಳಿರೆಕ್ಕೆಯದಕ್ಕೆ ಆಗ ಮೈಯೂ ಕಪ್ಪು, ರೆಕ್ಕೆಯ ಅಡಿಯ ಮುಂಭಾಗವೂ ಕಪ್ಪು. ಚಿಕ್ಕ ಮಗುವೂ ಬೇರೆ ಮಾಡುತ್ತದೆ.

ಮಲೆನಾಡಪ್ಪ: ಇಷ್ಟು ಒದ್ದಾಡೋ ಬದಲು ಬೇಸಿಗೆಯಲ್ಲಿ ಭದ್ರಾ ಹಿನ್ನೀರಿಗೆ ಬನ್ನಿ. ನೀರು ಇಳಿದಾಗ ಏಳುವ ನಡುಗಡ್ಡೆಗಳಲ್ಲಿ ಹೊಳೆ ರೀವ ಮೊಟ್ಟೆ ಇಡುತ್ತವೆ, ಹಳದಿ ಕೊಕ್ಕು, ಉದ್ದ ಕವಲು ಬಾಲ. ದೋಣಿಯವನಿಗೆ ಇನ್ನೂರು ಜಾಸ್ತಿ ಕೊಟ್ಟರೆ ದಡಕ್ಕೇ ಬಿಡುತ್ತಾನೆ.

ಹಿನ್ನೀರು: ದಯವಿಟ್ಟು ಈ ಸಲಹೆ ಅಳಿಸಿ. ಜನ ಇಳಿದರೆ ತಾಯಿ ಏಳುತ್ತದೆ, ಬಿಸಿಲಿಗೆ ಮೊಟ್ಟೆ ಬೆಂದು ಹೋಗುತ್ತದೆ.

ಮಲೆನಾಡಪ್ಪ: ನಾನು ಐದೇ ನಿಮಿಷ ಇಳಿದಿದ್ದು.

ಬೆಳಗಿನಐದುಗಂಟೆ: ಐದು ನಿಮಿಷ ಅಂತ ಎಲ್ಲರೂ ಹೇಳ್ತಾರೆ. ಒಂದು ದಿನಕ್ಕೆ ಎಷ್ಟು ದೋಣಿ, ನೀವೇ ಲೆಕ್ಕ ಹಾಕಿ.

ಗದಗಿನವ: ಲೆಕ್ಕದ ಮಾತು ನೀವು ಆಡ್ತಿದ್ದೀರಾ, 14ರ ಮಹಾನುಭಾವರೇ?

ಕೆರೆಏರಿ: ಅಣ್ಣಂದಿರೇ, ಅಕ್ಕ, ನನ್ನ ಫೋನಿನ ಫೋಟೋ ಹಿಗ್ಗಿಸಿ ನೋಡಿದೆ. ಬಾಲದ ಬುಡ ಬೂದು ಅನ್ನಿಸುತ್ತೆ. ಬೈನಾಕ್ಯುಲರ್ ಯಾವುದು ತಗೊಳ್ಳಲಿ, ಯಾರೂ ಹೇಳಲಿಲ್ಲ.

ಗದಗಿನವ: ನನ್ನ 8×42 ಇದೆ. ನಾಲ್ಕು ಸಾವಿರಕ್ಕೆ ಕೊಡ್ತೀನಿ, ಬೆಲ್ಟ್ ಸಮೇತ.

ಹಿನ್ನೀರು: ತಗೋಬೇಡಪ್ಪ! ಇಪ್ಪತ್ತು ಇದ್ದದ್ದು ನಲವತ್ತಾಗುತ್ತೆ.