ಅಪ್‌ಡೇಟ್: ಎರ್ಮೆಸ್ ಸ್ಕಾರ್ಫ್, 70 ಸೆಂ.ಮೀ.ದಲ್ಲ, 90ರದ್ದೇ

ಹಿಂದಿನ ಪೋಸ್ಟ್‌ನಲ್ಲಿ ನಾನು ಕೇಳಿದ್ದು ಇಷ್ಟೇ: ಚಿಕ್ಕಮ್ಮನಿಗೆ ಕ್ರಿಸ್‌ಮಸ್ ಉಡುಗೊರೆಗೆ ಎರ್ಮೆಸ್‌ನ (ಫ್ರಾನ್ಸ್‌ನ ದುಬಾರಿ ಫ್ಯಾಷನ್ ಬ್ರ್ಯಾಂಡ್) ರೇಷ್ಮೆ ಚೌಕ, ಅಂದರೆ ಚೌಕದ ಸ್ಕಾರ್ಫ್, 70 ಸೆಂ.ಮೀ.ದೋ, 90ರದೋ? ಲೆಕ್ಕ ಹಾಕಿ 90ರದ್ದೇ ಆಯಿತು. ಮೂಲೆಯಿಂದ ಮೂಲೆಗೆ ಅದು ಸುಮಾರು 127 ಸೆಂ.ಮೀ.; 35 ಸೆಂ.ಮೀ. ಸುತ್ತಳತೆಯ ಕುತ್ತಿಗೆಗೆ ಎರಡು ಸುತ್ತು ಹಾಕಿದರೂ ಗಂಟಿಗೆ 57 ಉಳಿಯುತ್ತದೆ. 70ರದ್ದು ಬರೀ 99, ತುದಿ ಸಾಲದು.

1937ರಿಂದ ಬರುತ್ತಿರುವ ಈ ಚೌಕ ಅಸಲಿಯೇ ಎಂದು ತಿಳಿಯಲು ನೋಡಬೇಕಾದ್ದು ಅಂಚು. ಬಟ್ಟೆಯ ಮುಖದ ಕಡೆಗೆ ಕೈಯಲ್ಲೇ ಸುರುಳಿ ಸುತ್ತಿ ಹೊಲಿದಿರುತ್ತಾರೆ, ಬೆರಳಿಗೆ ದುಂಡಗೆ ಸಿಗುತ್ತದೆ. ಮೆಷಿನ್ ಹೊಲಿಗೆ ಕಂಡರೆ ಅನುಮಾನಿಸಿ. ಚಪ್ಪಟೆಯಾದದ್ದೆಲ್ಲ ನಕಲಿಯಲ್ಲ, ಅಂಚಿನ ಮೇಲೆ ಇಸ್ತ್ರಿ ಓಡಿಸಿದರೆ ಅಸಲಿಯೂ ಹಾಗೇ ಆಗುತ್ತದೆ (ಮೈಸೂರು ಸಿಲ್ಕ್‌ನಷ್ಟೇ ಜೋಪಾನ ಬೇಕು). ಹಿಂಬದಿಯಿಂದ, ಕಡಿಮೆ ಬಿಸಿಯಲ್ಲಿ, ಅಂಚು ಬಿಟ್ಟು ಇಸ್ತ್ರಿ ಮಾಡಿ. ಸೆಂಟು ಹಾಕಿ ಒಣಗಿದ ಮೇಲೆಯೇ ಸ್ಕಾರ್ಫ್ ಕಟ್ಟಬೇಕು, ಆ ಕಲೆ ಸುಲಭಕ್ಕೆ ಹೋಗದು.