ಹಳೇ ಇಂದ್ರಜಾಲ ಕಾಮಿಕ್ಸ್‌ಗೆ ಗ್ರೇಡಿಂಗ್ ಮಾಡಿಸಬೇಕಾ?

ಬಳ್ಳಾರಿ ಓದುಗ:
ಕನ್ನಡ ಇಂದ್ರಜಾಲ ಕಾಮಿಕ್ಸ್ ಸುಮಾರು 60 ಇವೆ, ಜೊತೆಗೆ ಎಂಬತ್ತರ ದಶಕದ ಅಮೆರಿಕನ್ ಮಾರ್ವೆಲ್ ಆರು. ಮಾರಬೇಕು. ಕಾಮಿಕ್ಸ್‌ನ ಸ್ಥಿತಿ ನೋಡಿ ಅಂಕ ಕೊಡುವ ಅಮೆರಿಕದ ಕಂಪನಿ ಸಿಜಿಸಿಗೆ ಕಳಿಸಿ ಗ್ರೇಡ್ ಮಾಡಿಸಿದರೆ ಬೆಲೆ ಏರುತ್ತಾ? ಕೆಲವುಗಳ ಪಿನ್ನು ತುಕ್ಕು ಹಿಡಿದಿದೆ, ಎರಡರ ಬೆನ್ನಿಗೆ ಟೇಪ್ ಇದೆ. ಮುಖಪುಟದ ಮೇಲಿನ ಕೆಂಪು ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದಾ?

ರಾಯಚೂರು ರದ್ದಿ:
ಮೊದಲು ಆ ಒದ್ದೆ ಬಟ್ಟೆ ಕೆಳಗಿಡಿ ಸರ್. ಅದು ಅದಿರಿನ ದೂಳಾಗಿದ್ದರೆ ನೀರು ತಾಗಿದ ಕೂಡಲೇ ಕಾಗದದ ನಾರಿಗೆ ಇಳಿದು ಕಲೆಯಾಗಿ ಕೂರುತ್ತದೆ. ಮೆತ್ತನೆಯ ಒಣ ಬ್ರಷ್ ಹಿಡಿದು ಬೆನ್ನಿನಿಂದ ಅಂಚಿನ ಕಡೆಗೆ ಮಾತ್ರ ಆಡಿಸಿ. ಹೋದಷ್ಟು ಹೋಗಲಿ.

ಸಿಜಿಸಿ 2000ದಿಂದ ಇದೆ. 0.5ರಿಂದ 10.0ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತಾರೆ. ನನ್ನ ಪ್ರಕಾರ ಅಂಕಕ್ಕಿಂತ ಬೆಲೆಯಿರುವುದು ಪುಟ ಎಣಿಸುವುದಕ್ಕೆ, ಕಳ್ಳ ರಿಪೇರಿ ಹಿಡಿಯುವುದಕ್ಕೆ. ಬಣ್ಣ ಹೋದ ಕಡೆ ಸ್ಕೆಚ್ ಪೆನ್ ಆಡಿಸಿದ್ದರೆ ಮಾಮೂಲಿ ನೀಲಿ ಲೇಬಲ್ ಹೋಗಿ, ರಿಪೇರಿಯಾದದ್ದು ಅಂತ ಹೇಳುವ ನೇರಳೆ ಬರಬಹುದು. ನೇರಳೆಗೆ ಗಿರಾಕಿ ಕಡಿಮೆ, ದರವೂ ಕಡಿಮೆ.

ಇನ್ನು ಲೆಕ್ಕ. ಶುಲ್ಕ, ಹೋಗಿಬರುವ ಕೊರಿಯರ್, ವಿಮೆ ಸೇರಿ ಒಂದಕ್ಕೆ 6,000 ರೂ. ಬಿತ್ತು ಅಂದುಕೊಳ್ಳಿ. ಹಾಗೇ ಮಾರಿದರೆ 1,500 ಸಿಗುವ ಪುಸ್ತಕ ಗ್ರೇಡ್ ಆದಮೇಲೆ 7,500 ದಾಟದಿದ್ದರೆ ಕೈಯಿಂದ ಹೋದಂತೆ. ಮಾರ್ವೆಲ್‌ನಲ್ಲಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ ಸಂಚಿಕೆ 252 (1984) ಅಥವಾ 300 (1988) ಇದೆಯಾ ನೋಡಿ, ಬೇಡಿಕೆ ಇರುವವು ಅವು. ಇದ್ದರೂ 9.8ಕ್ಕೂ 9.2ಕ್ಕೂ ಬೆಲೆ ಬಹಳ ದೂರ. ಬೆನ್ನಿನ ಮೇಲೆ ಬಣ್ಣ ಒಡೆದ ಸಣ್ಣ ಗೆರೆ ನಾಲ್ಕಾರು ಇದ್ದರೆ 9.8ರ ಆಸೆ ಬಿಡಿ.

ಕೊಪ್ಪಳದ ಕಪಾಟು:
ಇಂದ್ರಜಾಲಕ್ಕ ಆ ಖರ್ಚು ಬ್ಯಾಡ್ರಿ. 1964ರಿಂದ 1990ರ ತನಕ ಬಂದ ಪುಸ್ತಕ; ತಗೊಳ್ಳೋರು ಕವಚ ಕೇಳಂಗಿಲ್ಲ, ನಡುಹಾಳಿ ಐತೇನು, ಹಿಂದಿನ ರಟ್ಟು ಐತೇನು ಅಂತಾರ. ಮುಖಪುಟ, ಬೆನ್ನು, ಎರಡೂ ಪಿನ್ನು, ನಡುಹಾಳಿ, ಇಷ್ಟರದು ಫೋಟೋ ಹಾಕ್ರಿ. ಬೆಳಕು ಓರೆ ಬೀಳಂಗ ಹಿಡದ್ರ ಮಡಿಕಿ ಕಾಣ್ತಾವ. ಮುಚ್ಚಿಡಬ್ಯಾಡ್ರಿ, ತಿರುಗಿ ಬಂದ ಪಾರ್ಸಲ್ ಖರ್ಚು ನಿಮ್ಮ ತಲಿಗೇ.

ಟೇಪ್ ಕೀಳಬ್ಯಾಡ್ರಿ, ಅಂಟಿನ ಜೋಡಿ ಮುದ್ರಣದ ಪದರಾನೂ ಎದ್ದು ಬರ್ತೈತಿ. ತುಕ್ಕು ಹಿಡಿದ ಪಿನ್ನು ಬದಲಿಸಿದ್ರ ಅದೂ ರಿಪೇರಿ ಲೆಕ್ಕಕ್ಕ ಹೋಗ್ತೈತಿ. ಇದ್ದಂಗ ಬಿಡ್ರಿ.

ಬಳ್ಳಾರಿ ಓದುಗ:
252 ಇದೆ, ಬೆನ್ನಿನ ಮೇಲೆ ಏಳು ಗೆರೆ. ಹಾಗೇ ಮಾರುತ್ತೇನೆ. ಮಾರಾಟವಾಗುವ ತನಕ ಎಲ್ಲಿಡಲಿ?

ರಾಯಚೂರು ರದ್ದಿ:
ಪಾಲಿಪ್ರೊಪಿಲೀನ್ ಕವರ್, ಒಳಗೆ ಆಮ್ಲರಹಿತ ಬೋರ್ಡು. ಪಿವಿಸಿ ಕವರ್ ಬೇಡ, ಬಿಸಿಗೆ ಜಿಗುಟಾಗಿ ಮುಖಪುಟಕ್ಕೆ ಅಂಟುತ್ತದೆ. ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ. ವಾಲಿ ನಿಂತರೆ ಬೆನ್ನು ಸೊಟ್ಟಗಾಗುತ್ತದೆ. ಅಟ್ಟದ ಮೇಲಂತೂ ಇಡಲೇಬೇಡಿ. ಸಿಲಿಕಾ ಜೆಲ್ ಮಳೆಗಾಲಕ್ಕೆ ಸಾಕು, ಬೇಸಿಗೆಯಲ್ಲಿ ತೆಗೆದುಬಿಡಿ. ನಮ್ಮ ಕಡೆಯ 40 ಡಿಗ್ರಿ ಒಣಗಾಳಿಗೆ ಹಳೇ ನ್ಯೂಸ್‌ಪ್ರಿಂಟ್ ಮೊದಲೇ ಹಪ್ಪಳ.